ನಾಲ್ಕು ಕಂಬಕ್ಕೆ ದುಡ್ಡಿದೆ, ಒಂದು ಜಾಕ್‌ಗೆ ಇಲ್ವಾ?

ಚೆನ್ನೈನಲ್ಲಿ ಕಾರು ಇಟ್ಟುಕೊಂಡವರಿಗೆ ಈಗ ಮಳೆ ಅಂದ್ರೆ ಭಯ. 2015ರ ಡಿಸೆಂಬರ್‌ನಲ್ಲಿ ಅಡ್ಯಾರ್ ನದಿ ಉಕ್ಕಿದ್ದು ನೆನಪಿದೆಯಲ್ಲ? 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಪಳ್ಳಿಕರಣೈ ಕಡೆ ಕಾರುಗಳು ಕಾಗದದ ದೋಣಿ ಥರ ತೇಲಿದವು. 2024ರ ಅಕ್ಟೋಬರ್‌ನಲ್ಲಂತೂ ಮಳೆಯ ಮುನ್ಸೂಚನೆ ಬಂದಿದ್ದೇ ತಡ, ವೇಳಚ್ಚೇರಿ ಜನ ಕಾರುಗಳನ್ನ ತಂದು ಫ್ಲೈಓವರ್ ಮೇಲೆ ಸಾಲಾಗಿ ನಿಲ್ಲಿಸಿದರು. ಇದೆಲ್ಲ ನೋಡಿದ ಮೇಲೆ, ಸ್ವಂತ ಮನೆ, ಎತ್ತರದ ಶೆಡ್, ಕೈಯಲ್ಲಿ ನಾಲ್ಕು ಕಾಸು ಇರುವವರು ಮನೆಯಲ್ಲೇ ನಾಲ್ಕು ಕಂಬದ ಲಿಫ್ಟ್ ಹಾಕಿಸಿದರೆ ಯಾರೂ ನಗಬೇಕಾಗಿಲ್ಲ. ಕೆಳಗೊಂದು ಕಾರು, ಮೇಲೊಂದು ಕಾರು. ಜಾಗವೂ ಉಳೀತು, ಕಾರೂ ಉಳೀತು.

ನನ್ನ ತಕರಾರು ಲಿಫ್ಟಿನ ಬಗ್ಗೆ ಅಲ್ಲ. ಹಾಕಿಸಿದ ಆರು ತಿಂಗಳಿಗೆ ಶುರುವಾಗುವ ಇನ್ನೊಂದು ಆಸೆಯ ಬಗ್ಗೆ. ಹೇಗೂ ಕಾರು ಮೇಲಿದೆ, ಬ್ರೇಕ್ ಪ್ಯಾಡನ್ನೂ ಇಲ್ಲೇ ಬದಲಾಯಿಸೋಣ ಅಂತ ಅನ್ನಿಸುತ್ತೆ. ಆಗಲೇ ಗೊತ್ತಾಗೋದು, ನಾಲ್ಕು ಕಂಬದ ಲಿಫ್ಟಿನಲ್ಲಿ ಕಾರು ನಿಂತಿರೋದು ತನ್ನ ಚಕ್ರಗಳ ಮೇಲೇ ಅಂತ! ಉದ್ದಕ್ಕೆ ಎರಡು ಕಬ್ಬಿಣದ ಪಟ್ಟಿ, ಅದರ ಮೇಲೆ ನಾಲ್ಕು ಟೈರು. ಆಯಿಲ್ ಬದಲಾಯಿಸಬಹುದು, ಸೈಲೆನ್ಸರ್ ನೋಡಬಹುದು, ಆದರೆ ಚಕ್ರ ಮಾತ್ರ ಬಿಚ್ಚೋ ಹಾಗಿಲ್ಲ.

ಇದಕ್ಕೇ ಇರೋದು ಬ್ರಿಡ್ಜ್ ಜಾಕ್. ಎರಡು ಪಟ್ಟಿಗಳ ನಡುವೆ ಸೇತುವೆ ಥರ ಅಡ್ಡ ಕೂರುತ್ತೆ, ಒಳಅಂಚಿನ ಮೇಲೆ ಗಾಲಿಗಳಲ್ಲಿ ಹಿಂದೆ ಮುಂದೆ ಉರುಳುತ್ತೆ. ಕೈಪಂಪು ಹೊಡೆದರೆ, ಅಥವಾ ಕಂಪ್ರೆಸರ್ ಗಾಳಿ ಕೊಟ್ಟರೆ, ಕಾರಿನ ಮುಂಭಾಗವನ್ನೋ ಹಿಂಭಾಗವನ್ನೋ ಎತ್ತಿ ಹಿಡಿಯುತ್ತೆ. ನಾಲ್ಕೂ ಚಕ್ರ ಒಟ್ಟಿಗೆ ಬಿಚ್ಚಬೇಕಾದರೆ ಎರಡು ಜಾಕ್ ಬೇಕು. ಬೆಲೆ ಲಿಫ್ಟಿಗಿಂತ ಎಷ್ಟೋ ಕಮ್ಮಿ.

ಆದರೆ ನಮ್ಮವರು ಮಾಡೋದೇನು? ಎರಡು ಪಟ್ಟಿಗೂ ಅಡ್ಡವಾಗಿ ಒಂದು ಮರದ ಹಲಗೆ, ಅದರ ಮೇಲೆ ಒಂದು ಬಾಟಲ್ ಜಾಕ್. ಇನ್ನೂ ಬುದ್ಧಿವಂತರಾದರೆ ಪುದುಪೇಟೆಯಿಂದ ಹಳೇ ಚಾನಲ್ ತಂದು ಪಕ್ಕದ ಬೀದಿಯಲ್ಲಿ ವೆಲ್ಡಿಂಗ್ ಮಾಡಿಸುತ್ತಾರೆ. ಕೇಳಿದರೆ "ಅಡ್ಜಸ್ಟ್ ಪಣ್ಣಿಕಲಾಂ ಸಾರ್" ಅಂತ ಉತ್ತರ. ಪುದುಪೇಟೆ ಬಗ್ಗೆ ನನಗೆ ಗೌರವ ಇದೆ. ಕನ್ನಡಿ ತನ್ನಿ, ಡೋರ್ ಹ್ಯಾಂಡಲ್ ತನ್ನಿ. ಆದರೆ ಒಬ್ಬ ಮನುಷ್ಯನ ತಲೆಯ ಮೇಲೆ ಟನ್‌ಗಟ್ಟಲೆ ತೂಕ ಹಿಡಿಯೋ ಕಬ್ಬಿಣವನ್ನ ಕಣ್ಣಳತೆಯಲ್ಲಿ ಮಾಡಿಸ್ತೀರಾ?

ಅಲ್ಲಾ ಸ್ವಾಮಿ, ಹಲಗೆ ಬಾಗುತ್ತೆ. ಬಾಟಲ್ ಜಾಕಿನ ಬುಡ ಅಂಗೈಯಗಲ, ಹಲಗೆ ಸ್ವಲ್ಪ ಓರೆಯಾದರೂ ಜಾರುತ್ತೆ. ಆಯಿಲ್ ಸೀಲ್ ಸೋತರೆ ಎತ್ತಿದ್ದು ಇಳಿಯುತ್ತೆ. ಒಳ್ಳೇ ಬ್ರಿಡ್ಜ್ ಜಾಕಿಗೆ ಅದರದೇ ಕಬ್ಬಿಣದ ಲಾಕ್ ಇರುತ್ತೆ. ಆಯಿಲ್ ಕೈಕೊಟ್ಟರೂ ತೂಕ ಲಾಕ್ ಮೇಲೆ ನಿಲ್ಲುತ್ತೆ. ಬ್ಯಾಂಕಿನ ಕ್ಯಾಶ್ ಸೇಫಿಗೆ ಎರಡು ಬೀಗದಕೈ, ಇಬ್ಬರು ಆಫೀಸರ ಹತ್ತಿರ. ಅವರು ಕಳ್ಳರು ಅಂತ ಅಲ್ಲ, ಎಲ್ಲಾ ಒಬ್ಬರ ಮೇಲೇ ನಿಲ್ಲಬಾರದು ಅಂತ. ಎತ್ತೋದಕ್ಕೆ ಆಯಿಲ್, ಹಿಡಿಯೋದಕ್ಕೆ ಲಾಕ್. ಎರಡೂ ಬೇಕು.

ಕೊಳ್ಳುವಾಗ ನೋಡಬೇಕಾದ್ದು ಬಹಳ ಏನಿಲ್ಲ. ಪಟ್ಟಿಗಳ ನಡುವಿನ ಅಂತರ ಮತ್ತು ಒಳಅಂಚಿನ ಆಕಾರ ಅಳೆದು, ನಿಮ್ಮ ಲಿಫ್ಟಿಗೇ ಹೊಂದುವ ಜಾಕ್ ತಗೊಳ್ಳಿ. ಎಂಜಿನ್ ಮುಂದಿರುವ ಕಾರಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ತೂಕ ಮುಂಭಾಗದಲ್ಲೇ ಇರುತ್ತೆ, ಜಾಕಿನ ಸಾಮರ್ಥ್ಯವನ್ನ ಆ ಲೆಕ್ಕಕ್ಕೆ ನೋಡಿ. ಜಾಕ್ ಹಾಕಿದ್ರೆ ಲಿಫ್ಟಿನ ಲಿಮಿಟ್ ಏನೂ ಜಾಸ್ತಿಯಾಗಲ್ಲ, ಜಾಕಿನ ತೂಕವೂ ಅದರೊಳಗೇ ಸೇರಬೇಕು. ಯುರೋಪಿನಲ್ಲಿ ವಾಹನದ ಲಿಫ್ಟಿಗೆ ಇಎನ್ 1493, ಜಾಕಿಗೆ ಇಎನ್ 1494 ಅಂತ ಬೇರೆ ಬೇರೆ ಮಾನದಂಡಗಳಿವೆ. ಮಾರುವವನನ್ನ ಕೇಳಿ, ಕಾಗದ ತೋರಿಸಲಿ.

ಕೆಲಸಕ್ಕೆ ಮೊದಲು ಲಿಫ್ಟನ್ನ ನಾಲ್ಕೂ ಕಂಬದ ಲಾಕ್ ಮೇಲೆ ಇಳಿಸಿ, ತೂಕ ವೈರ್ ರೋಪ್ ಮೇಲೆ ಇರಬಾರದು. ಎತ್ತದ ಚಕ್ರಗಳಿಗೆ ಅಡೆ ಕೊಡಿ. ಬೆಸೆಂಟ್ ನಗರ, ನೀಲಾಂಕರೈ ಕಡೆಯವರು ರೋಪನ್ನ ಆಗಾಗ ನೋಡ್ತಾ ಇರಿ, ಉಪ್ಪುಗಾಳಿ ಗೇಟನ್ನೇ ತಿನ್ನುತ್ತೆ, ಇದನ್ನ ಬಿಡುತ್ತಾ?

"ಸರ್ಕಾರದ ರೂಲ್ ಎಲ್ಲಿದೆ?" ಅಂತ ಒಬ್ಬರು ಕೇಳಿದರು. 1948ರ ಫ್ಯಾಕ್ಟರಿ ಕಾಯ್ದೆ ತನ್ನ 29ನೇ ಸೆಕ್ಷನ್‌ನಲ್ಲಿ, ಭಾರ ಎತ್ತುವ ಯಂತ್ರಗಳನ್ನ ಬಲ್ಲವರು ಹನ್ನೆರಡು ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಬೇಕು ಅಂತ ಇಟ್ಟಿತ್ತು. ಅದು ಫ್ಯಾಕ್ಟರಿಗೆ. ನಿಮ್ಮ ಮನೆ ಶೆಡ್ಡಿಗೆ ಯಾವ ಇನ್‌ಸ್ಪೆಕ್ಟರೂ ಬರೋಲ್ಲ. ಹಾಗಂತ ಕಾರಿಗೆ ಮನೆ ಯಾವುದು, ಫ್ಯಾಕ್ಟರಿ ಯಾವುದು ಅಂತ ಗೊತ್ತಾಗುತ್ತಾ? ಬಿದ್ದರೆ ಎರಡು ಕಡೆಯೂ ಒಂದೇ ತೂಕ.

ಇನ್ನೊಂದು ಮಾತು, ಇದೇ ನನ್ನ ಹೊಟ್ಟೆ ಉರಿಸೋದು. ಆ ಹಲಗೆಯ ಕೆಳಗೆ ಹೋಗೋದು ಯಾರು? ಹೆಚ್ಚಿನ ಮನೆಗಳಲ್ಲಿ ಯಜಮಾನರಲ್ಲ. ಫೋನ್ ಮಾಡಿ ಕರೆಸಿದ ಮೆಕ್ಯಾನಿಕ್, ಅವನ ಜೊತೆ ಬಂದ ಹುಡುಗ. ಅವನು "ಸಾರ್, ಇದು ಸರಿಯಿಲ್ಲ" ಅನ್ನಲ್ಲ, ಅಂದ್ರೆ ಮುಂದಿನ ಸಲ ಬೇರೆಯವರನ್ನ ಕರೀತೀರಿ ಅಂತ ಅವನಿಗೆ ಗೊತ್ತು. ನಿಮ್ಮ ಉಳಿತಾಯಕ್ಕೆ ಅವನ ಜೀವ ಜಾಮೀನು! ಇದನ್ನ ಅಡ್ಜಸ್ಟ್‌ಮೆಂಟ್ ಅಂತ ಕರೆಯೋಕೆ ನನ್ನಿಂದಾಗಲ್ಲ.

ಬ್ರಿಡ್ಜ್ ಜಾಕ್ ಕೊಳ್ಳೋಕೆ ಆಗೋಲ್ವಾ? ಹಾಗಾದ್ರೆ ಲಿಫ್ಟನ್ನ ಕಾರು ನಿಲ್ಲಿಸೋಕೆ ಮಾತ್ರ ಇಟ್ಟುಕೊಳ್ಳಿ, ಬ್ರೇಕ್ ಕೆಲಸಕ್ಕೆ ಗ್ಯಾರೇಜಿಗೆ ಹೋಗಿ. ಅದರಲ್ಲೇನೂ ಮರ್ಯಾದೆ ಹೋಗಲ್ಲ. ಏನಂತೀರಿ?