ಮೊಬೈಲಿನ ಪದವಿಗೆ ಹೊತ್ತು ಕೊಡುವವರಾರು?



ಅಹಮದಾಬಾದಿನ ಹೊಟೇಲು ಖೋಲಿಗಳಲ್ಲಿ, ವಡೋದರದಲ್ಲಿ, ಸೂರತ್ತಿನ ಮಗ್ಗದ ಕಾರ್ಖಾನೆಗಳಲ್ಲಿ ನಮ್ಮ ಹುಡುಗರ ಬಾಯಲ್ಲಿ ಈಗ ಕಂಪ್ಯೂಟರಿನ ಆನ್‌ಲೈನ್ ಪದವಿಯದೇ ಮಾತು. ಅದೆಲ್ಲ ಮೋಸವೆಂದು ಮೂಗು ಮುರಿಯುವ ಹಿರಿಯರೂ ಇದ್ದಾರೆ. ಅವರ ಮಾತು ಸರಿಯಲ್ಲ. ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿಯು ಕಾಲೇಜಿನ ಪದವಿಗೆ ಸಮಾನವೆಂದು ಯು.ಜಿ.ಸಿ. 2022ರಲ್ಲಿ ಸಾರಿದೆ. ಮದ್ರಾಸಿನ ಐ.ಐ.ಟಿ.ಯೇ 2020ರಿಂದ ಹೀಗೆ ಪದವಿ ಪಾಠ ಕಲಿಸುತ್ತಿದೆ. ಹನ್ನೆರಡನೆಯ ತರಗತಿ ಮುಗಿಸಿದವನು ನಾಲ್ಕು ವಾರದ ಪಾಠ ಓದಿ ಅರ್ಹತಾ ಪರೀಕ್ಷೆ ದಾಟಿದರೆ ಸೇರಬಹುದು. ನಡುವೆ ಬಿಟ್ಟರೂ ಮುಗಿಸಿದ ಹಂತಕ್ಕೆ ಸರ್ಟಿಫಿಕೇಟೋ ಡಿಪ್ಲೊಮಾವೋ ಉಂಟು.

ಏಜಂಟರ ವಿಷಯ ಬೇರೆ. 'ಆನ್‌ಲೈನ್ ಬಿ.ಟೆಕ್.' ಎಂದು ಯಾರಾದರೂ ಬಾಯಿಬಿಟ್ಟರೆ ಅಲ್ಲಿಂದ ಎದ್ದು ಬನ್ನಿರಿ. 2020ರ ನಿಯಮದಂತೆ ಇಂಜಿನಿಯರಿಂಗ್ ಪದವಿಯನ್ನು ಹೀಗೆ ಕೊಡುವಂತಿಲ್ಲ. ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಕಥೆ ನೆನಪಿಡಿರಿ. ರಾಜ್ಯದ ಗಡಿಯಾಚೆ ಖಾಸಗಿಯವರ ಕೈಯಲ್ಲಿ ಕೇಂದ್ರ ನಡೆಸಿದ್ದಕ್ಕೆ ಯು.ಜಿ.ಸಿ. ಆಕ್ಷೇಪವೆತ್ತಿ, 2012-13ರ ಮುಂದಕ್ಕೆ ಮಾನ್ಯತೆಯಿಲ್ಲವೆಂದು 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ತಪ್ಪು ಯಾರದು, ಕಾಗದ ಹಿಡಿದು ಅಲೆದವರಾರು! ಐ.ಐ.ಟಿ.ಗೆ ಬೇರೆ ಕಾಯಿದೆಯುಂಟು; ಉಳಿದ ಯಾವ ವಿಶ್ವವಿದ್ಯಾಲಯವಾದರೂ, ಆ ಕೋರ್ಸು ಆ ವರ್ಷದ ಯು.ಜಿ.ಸಿ. ಪಟ್ಟಿಯಲ್ಲಿದೆಯೇ ನೋಡದೆ ಕಾಸು ಬಿಚ್ಚಬೇಡಿರಿ.

ಇನ್ನು ಇದರ ಬೆಲೆ. ಶುಲ್ಕವನ್ನು ಹೇಗೋ ಉಳಿಸಬಹುದು. ಆದರೆ ಒಂದೊಂದು ವಿಷಯಕ್ಕೆ ವಾರಕ್ಕೆ ಸುಮಾರು 10 ಗಂಟೆ ಬೇಕೆಂದು ಐ.ಐ.ಟಿ.ಯೇ ಹೇಳುತ್ತದೆ. ಬೆಳಿಗ್ಗೆ ಐದಕ್ಕೆ ಇಡ್ಲಿ ಪಾತ್ರೆ ಇಟ್ಟು ರಾತ್ರಿ ಹನ್ನೊಂದಕ್ಕೆ ಟೇಬಲು ಒರಸುವವನಿಗೆ ಅದು ಎಲ್ಲಿಂದ? ಕಾರ್ಖಾನೆಯಲ್ಲೋ, ವಾರಕ್ಕೆ 48 ಗಂಟೆಯ ಮಿತಿ ಉಳಿಸಿಕೊಂಡೇ, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಗುಜರಾತ ಸರಕಾರ 2025ರಲ್ಲಿ ಕಾಯಿದೆ ತಿದ್ದಿತು. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕಂತೆ. ಖೋಲಿ, ಊಟ ಎರಡೂ ಮಾಲಿಕನ ಕೈಯಲ್ಲಿರುವವನ ಒಪ್ಪಿಗೆ ಎಂಥದು?

ಹಿಂದೆ ಮುಂಬಯಿಯಲ್ಲಿ ಹೊಟೇಲಿನ ಹುಡುಗರು ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತರು. ಶಾಲೆಗೊಂದು ಹೊತ್ತಿತ್ತು, ಹೊತ್ತಾಯಿತೆಂದು ಹೇಳಿ ಹೊರಡಬಹುದಿತ್ತು. ಮೊಬೈಲಿನ ಪಾಠಕ್ಕೆ ಹೊತ್ತಿಲ್ಲ. "ಯಾವಾಗ ಬೇಕಾದರೂ ಓದಬಹುದಲ್ಲ, ಈಗ ಪಾತ್ರೆ ತೊಳೆ" ಎನ್ನುತ್ತಾನೆ ಮಾಲಿಕ. ಪಾಠವನ್ನೇನೋ ಮೊಬೈಲಿನಲ್ಲಿ ಕೇಳಬಹುದು, ಪ್ರೋಗ್ರಾಮು ಬರೆದು ಕೈ ಪಳಗಲು ಕಂಪ್ಯೂಟರೇ ಬೇಕು. ಕೆಲಸ ಕೊಡುವವನು ಪದವಿಯ ಕಾಗದವನ್ನಷ್ಟೇ ನೋಡಿ ಬಿಡುವುದಿಲ್ಲ, ಬರೆದು ತೋರಿಸು ಎನ್ನುತ್ತಾನೆ.

ಆದ್ದರಿಂದ ಸಂಘ ಕೇಳಬೇಕಾದದ್ದು ಇಷ್ಟು: ಓದುವ ಕೆಲಸಗಾರನಿಗೆ ದಿನಕ್ಕೆ ಎರಡು ಗಂಟೆ ಬಿಡುವು, ಪರೀಕ್ಷೆಯ ದಿನ ಸಂಬಳದ ರಜೆ, ಖೋಲಿಯಲ್ಲಿ ಒಂದು ಮೇಜು, ಒಂದು ದೀಪ. ಮಾಲಿಕರಿಂದ ಇದನ್ನು ಬರಹದಲ್ಲಿ ಪಡೆದ ಮೇಲೆ ಮೊದಲ ಕಂತು ಕಟ್ಟಿರಿ.