ಮಗುವಿನ ಕಣ್ಣು ಹೇಳುವ ಹೊರೆ

ಪರೀಕ್ಷೆ ಹತ್ತಿರವಾದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಗಂಟೆಗಟ್ಟಲೆ ಪುಸ್ತಕದ ಮುಂದೆ ಕೂರುತ್ತಾನೆ, ತಲೆಗೆ ಮಾತ್ರ ಹತ್ತುವುದಿಲ್ಲ." ಅದರ ಬೆನ್ನಿಗೇ "ದಡ್ಡ" ಎಂಬ ಬಿರುದು ಬರುತ್ತದೆ. ಒಮ್ಮೆ ಅಂಟಿದ ಈ ಬಿರುದು ಮಗುವನ್ನು ಶಾಲೆಯಿಂದಲೇ ದೂರ ಮಾಡಬಲ್ಲುದು. ಆದುದರಿಂದ ಮಗು ಶ್ರಮಪಡುತ್ತಿಲ್ಲವೋ ಅಥವಾ ಹೊರಲಾರದಷ್ಟು ಹೊತ್ತಿದೆಯೋ ಎಂಬುದನ್ನು ಅರಿಯುವ ಬಗೆಯನ್ನು ಈ ತಿಂಗಳು ವಿಚಾರ ಮಾಡೋಣ.

ವಿಜ್ಞಾನಿಗಳು ಇದಕ್ಕೆ ಕಣ್ಣನ್ನೇ ಸಾಕ್ಷಿಯಾಗಿ ಕರೆದಿದ್ದಾರೆ. ಓದುವಾಗ ನಮ್ಮ ದೃಷ್ಟಿ ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ. ಜಿಗಿಯುತ್ತ, ನಿಲ್ಲುತ್ತ ಸಾಗುತ್ತದೆ. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡಿನದು. ಪದ ಕಠಿಣವಾದರೆ ನಿಲುಗಡೆ ದೀರ್ಘವಾಗುತ್ತದೆ, ದೃಷ್ಟಿ ಹಿಂದಕ್ಕೂ ಮರಳುತ್ತದೆ. ಇಂದಿನ ಉಪಕರಣಗಳು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೀರಿ, ಅದರ ಪ್ರತಿಫಲನವನ್ನು ಕ್ಯಾಮರಾದಲ್ಲಿ ಹಿಡಿದು, ದೃಷ್ಟಿ ಎಲ್ಲಿ ಎಷ್ಟು ಹೊತ್ತು ನಿಂತಿತೆಂದು ಲೆಕ್ಕ ಹಾಕುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾಹನ ಹಾಗೂ ವಿಮಾನ ಚಾಲಕರ ಮಾನಸಿಕ ಹೊರೆಯನ್ನು ಈ ಬಗೆಯಲ್ಲಿ ಅಂದಾಜಿಸುವ ಸಂಶೋಧನೆಗಳು ನಡೆದಿವೆ.

ಕಣ್ಣಿನ ಪಾಪೆಯೂ ಮಾತನಾಡುತ್ತದೆ. ಮುಂದೆ ೨೦೦೨ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಡೇನಿಯಲ್ ಕಾಹ್ನೆಮನ್ ಅವರು ೧೯೬೬ರಲ್ಲಿ ಜ್ಯಾಕ್ಸನ್ ಬೀಟಿ ಅವರೊಡನೆ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಂಕಿಗಳನ್ನು ಒಂದೊಂದಾಗಿ ಕೇಳಿಸಿ ನೆನಪಿಡಲು ಹೇಳಿದಾಗ, ಪ್ರತಿ ಅಂಕಿಗೂ ಪಾಪೆ ಸ್ವಲ್ಪ ಸ್ವಲ್ಪ ಹಿಗ್ಗಿತು. ಅವುಗಳನ್ನು ತಿರುಗಿ ಒಪ್ಪಿಸುತ್ತ ಹೋದಂತೆ ಕುಗ್ಗಿತು. ಹೊರೆ ಏರಿದುದೂ ಇಳಿದುದೂ ಕಣ್ಣಿನಲ್ಲಿಯೇ ಕಂಡಿತು.

ನಾವು ವಿಶೇಷವಾಗಿ ಗಮನಿಸಬೇಕಾದುದು ೧೯೯೬ರ ಇನ್ನೊಂದು ಸಂಶೋಧನೆಯನ್ನು. ಅಂಕಿಗಳ ಸಂಖ್ಯೆ ನೆನಪಿನ ಶಕ್ತಿಯನ್ನು ಮೀರಿದಾಗ ಪಾಪೆ ಮತ್ತೆ ಹಿಗ್ಗದೆ ಕುಗ್ಗತೊಡಗಿತು. ಅಂದರೆ ಶಾಂತವಾಗಿ ಕಾಣುವ ಕಣ್ಣಿಗೆ ಎರಡು ಅರ್ಥಗಳುಂಟು: ಪಾಠ ಸುಲಭವಾಗಿರಬಹುದು, ಇಲ್ಲವೆ ಮನಸ್ಸು ಹೊರೆಯನ್ನು ಕೆಳಗಿಳಿಸಿಬಿಟ್ಟಿರಬಹುದು. "ಸುಮ್ಮನೆ ಕೂತಿದ್ದಾನೆ" ಎಂದು ನಾವು ಗದರಿಸುವ ಮಗು ಈ ಎರಡನೆಯ ಸ್ಥಿತಿಯಲ್ಲಿರಬಹುದಲ್ಲವೆ?

ನಮ್ಮ ಮಕ್ಕಳ ಹೊರೆಯಾದರೂ ಕಡಿಮೆಯದಲ್ಲ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳಾದರೆ, ಕಾಗುಣಿತ, ಒತ್ತಕ್ಷರಗಳು ಸೇರಿ ಕನ್ನಡದ ಮಗುವಿನ ಮುಂದೆ ನೂರಾರು ರೂಪಗಳಿವೆ. ಕನ್ನಡ ಓದುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯದೆ ಮುಂದಿನ ತರಗತಿಗಳಿಗೂ ಸಾಗುವುದೆಂದು ತೋರಿಸಿತು. ಯಲ್ಲಾಪುರದ ಸಿದ್ದಿ ಕುಟುಂಬಗಳ ಮನೆಮಾತು ಕೊಂಕಣಿಯ ಬಳಗದ್ದು. ಅಲ್ಲಿನ ಮಗು ಅಕ್ಷರದ ಜೊತೆಗೆ ಭಾಷೆಯನ್ನೂ ಹೊರಬೇಕು. ಬನವಾಸಿ ಕಡೆಯ ನಮ್ಮವರ ಆಡುಮಾತೂ ಸಿದ್ದಾಪುರದ ಹವ್ಯಕರ ಮನೆಮಾತೂ ಪುಸ್ತಕದ ಕನ್ನಡವಲ್ಲ. ಒಂದೇ ಪಾಠ ಎಲ್ಲ ಮಕ್ಕಳಿಗೂ ಒಂದೇ ತೂಕದ್ದಲ್ಲವೆಂಬುದನ್ನು ಹಿರಿಯರು ಮರೆಯಬಾರದು.

ಆದರೆ ಕಣ್ಣನ್ನು ನೋಡಿ ಆತುರದ ತೀರ್ಪು ಕೊಡುವುದೂ ಸಲ್ಲದು. ಬೆಳಕು ಕಡಿಮೆಯಾದರೂ ಪಾಪೆ ಹಿಗ್ಗುತ್ತದೆ, ಹೆದರಿದರೂ ಹಿಗ್ಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದ ಸಂಜೆ, ಬೆತ್ತ ಹಿಡಿದ ತಂದೆಯ ಮುಂದೆ ಕುಳಿತ ಮಗುವಿನ ಕಣ್ಣಿನಲ್ಲಿ ಗಣಿತದ ಶ್ರಮವೆಷ್ಟು, ಅಂಜಿಕೆಯೆಷ್ಟು ಎಂದು ಯಾವ ಉಪಕರಣ ಬೇರ್ಪಡಿಸೀತು? ಪ್ರಯೋಗಶಾಲೆಯವರು ಬೆಳಕನ್ನು ಸಮವಾಗಿಟ್ಟೇ ಅಳೆಯುವುದು ಇದಕ್ಕಾಗಿ.

ಮನೆಯಲ್ಲಿ ಮಾಡಬಹುದಾದ ಸರಳ ಉಪಾಯವೂ ಉಂಟು. ನೆದರ್ಲೆಂಡ್ಸಿನ ಫ್ರೆಡ್ ಪಾಸ್ ಅವರು ೧೯೯೨ರಲ್ಲಿ, ಕಲಿಯುವವನೇ ತನ್ನ ಶ್ರಮಕ್ಕೆ ಒಂದರಿಂದ ಒಂಬತ್ತರೊಳಗಿನ ಅಂಕ ಕೊಡುವ ಪದ್ಧತಿಯನ್ನು ಬಳಸಿದರು. "ಈ ಲೆಕ್ಕ ಎಷ್ಟು ಭಾರ?" ಎಂದು ತಾಯಿ ಪ್ರೀತಿಯಿಂದ ಕೇಳಿದರೆ ಮಗು ಹೇಳದಿರದು. ಎಂಟು, ಒಂಬತ್ತು ಎಂದರೆ ಪಾಠವನ್ನು ತುಂಡು ಮಾಡಿ ಕೊಡಿರಿ. ಮೊದಲು ಬಿಡಿಸಿದ ಲೆಕ್ಕವೊಂದನ್ನು ಹಂತಹಂತವಾಗಿ ತೋರಿಸಿ, ಬಳಿಕ ಅಂಥದೇ ಇನ್ನೊಂದನ್ನು ಅದರ ಕೈಗಿಡಿರಿ. ಪದ್ಯದ ಅರ್ಥವನ್ನು ಮನೆಮಾತಿನಲ್ಲಿ ತಿಳಿಸಿ, ಆಮೇಲೆ ಓದಿಸಿರಿ. ಒಂದು ಅಂಕವನ್ನೂ ಹೇಳದೆ ತಲೆ ತಗ್ಗಿಸುವ ಮಗುವಿನ ಬಳಿ ಇನ್ನೂ ಹೆಚ್ಚು ಹೊತ್ತು ಕೂರಿರಿ.

ಅಡಕೆಯ ಮೂಟೆ ಹೊರುವವನ ಬೆನ್ನು ನೋಡಿ ತೂಕ ಇಳಿಸುವ ವಿವೇಕ ನಮ್ಮಲ್ಲಿದೆ. ಪುಸ್ತಕ ಹಿಡಿದ ಮಗುವಿನ ವಿಷಯದಲ್ಲಿಯೂ ಅದೇ ವಿವೇಕ ನಮ್ಮ ಮನೆಗಳಲ್ಲಿ ನೆಲೆಸಲಿ.