ಎಡಗಡೆಯ ಬಾಗಿಲು

ನಮ್ಮ ಕವಲಂದೆಯ ಕಡೆ ಓಡಾಡುವ ಹಳೇ ಪಿಕಪ್ ಗಾಡಿಗಳನ್ನು ಒಮ್ಮೆ ಸುತ್ತು ಹಾಕಿ ನೋಡಿ. ಬಲಗಡೆಯ ಬಾಗಿಲು, ಅಂದರೆ ಡ್ರೈವರ್ ಹತ್ತಿ ಇಳಿಯುವ ಬಾಗಿಲು, ಎಷ್ಟೇ ಹಳೆಯದಾದರೂ ಒಳಗಿನಿಂದಲೂ ಹೊರಗಿನಿಂದಲೂ ಸಲೀಸಾಗಿ ತೆರೆಯುತ್ತದೆ. ಎಡಗಡೆಯದರ ಕಥೆ ಬೇರೆ. ಎಷ್ಟೋ ಗಾಡಿಗಳಲ್ಲಿ ಅದು ಒಳಗಿನಿಂದ ತೆರೆಯುವುದೇ ಇಲ್ಲ. ಗಂಡಸು ಇಳಿದು, ಗಾಡಿ ಸುತ್ತಿ ಬಂದು, ಹೊರಗಿನಿಂದ ತೆಗೆಯಬೇಕು. ದೂರದಿಂದ ನೋಡಿದವರು, ಆಹಾ, ಹೆಂಡತಿಗೆ ಬಾಗಿಲು ತೆಗೆಯುವ ಎಂಥ ಮರ್ಯಾದಸ್ಥ ಎಂದುಕೊಂಡಾರು. ಮರ್ಯಾದೆಯೂ ಇಲ್ಲ, ಮಣ್ಣೂ ಇಲ್ಲ. ಲಾಕ್ ಕೆಟ್ಟಿದೆ, ಮಾಡಿಸಿಲ್ಲ, ಅಷ್ಟೆ.

ಅಲ್ಲಿ ಕೂರುವವರು ಯಾರು ಹೇಳಿ? ಹೆಂಡತಿ, ತಾಯಿ, ಆಸ್ಪತ್ರೆಗೆ ಹೊರಟ ಬಸುರಿ. ಕೂಲಿಗೆ ಹೋಗುವ ಹೆಂಗಸರನ್ನು ಹಿಂದೆ ಮೂಟೆಗಳ ಹಾಗೆ ತುಂಬಿಕೊಂಡು ಹೋಗುವುದನ್ನು ನೀವೂ ನೋಡಿರುತ್ತೀರಿ. ಸರಕು ಗಾಡಿಯಲ್ಲಿ ಹಾಗೆ ಜನ ಸಾಗಿಸುವುದು ಕಾನೂನಿಗೆ ವಿರುದ್ಧ, ಆದರೂ ನಡೆಯುತ್ತದೆ. ಅವರಲ್ಲಿ ಎಳೆ ಮಗುವಿರುವವಳನ್ನು ಮಾತ್ರ ಕರುಣೆಯಿಂದ "ನೀನು ಮುಂದೆ ಕೂತ್ಕೊಳವ್ವಾ" ಎನ್ನುತ್ತಾರೆ. ಆಕೆ ಹತ್ತಿದ ಮೇಲೆ ಹೊರಗಿನಿಂದ ಚಿಲಕ ಹಾಕುತ್ತಾರೆ. ಹೌದು, ಚಿಲಕವೇ. ಬಚ್ಚಲುಮನೆ ಬಾಗಿಲಿಗೆ ಹಾಕುವಂಥದ್ದನ್ನು ತಂದು ಗಾಡಿಯ ಬಾಗಿಲಿನ ಹೊರಮೈಗೆ ವೆಲ್ಡಿಂಗ್ ಮಾಡಿಸಿರುತ್ತಾರೆ. ಹೊರಗೆ ಚಿಲಕ ಹಾಕಿದ ಕಡೆ ನಾವು ದನ ಕಟ್ಟುತ್ತೇವೆ, ಸೌದೆ ಇಡುತ್ತೇವೆ. ಮನುಷ್ಯರನ್ನು ಕೂರಿಸುವುದು ಎಲ್ಲಾದರೂ ಉಂಟೆ?

ನಮ್ಮಣ್ಣನ ಗಾಡಿಗೆ ಚಿಲಕವಿರಲಿಲ್ಲ, ಅಷ್ಟರ ಮಟ್ಟಿಗೆ ಪುಣ್ಯ. ಕವಲಂದೆಯಲ್ಲಿ ತರಕಾರಿ ಬೆಳೆದು ಮೈಸೂರಿನ ಬಂಡಿಪಾಳ್ಯದ ಮಾರುಕಟ್ಟೆಗೆ ಒಯ್ಯುತ್ತಾನೆ. ಲೆಕ್ಕ ನೋಡಿಕೊಳ್ಳುವವಳು ಅತ್ತಿಗೆ, ಆದ್ದರಿಂದ ವಾರಕ್ಕೆ ಎರಡು ಸಲ ಅವಳೂ ಹೋಗಬೇಕು. ನಾಲ್ಕು ವರ್ಷ ಅವಳ ಕಡೆಯ ಬಾಗಿಲು ಒಳಗಿನಿಂದ ತೆರೆಯಲಿಲ್ಲ. ಆ ನಾಲ್ಕು ವರ್ಷದಲ್ಲಿ ಗಾಡಿಗೆ ಹೊಸ ಟೈರು ಬಂತು, ಊರೆಲ್ಲ ಎದ್ದು ಕೂರುವಂಥ ಹಾರನ್ ಬಂತು, ಹಾಡು ಕೇಳಲು ಎರಡು ಸ್ಪೀಕರ್ ಬಂದವು, ಗಾಜಿನ ಮೇಲೆ ನಂಜುಂಡೇಶ್ವರನ ಹೆಸರು ಬಂತು. ಪ್ರತಿ ಆಯುಧಪೂಜೆಗೂ ಎಡಬಾಗಿಲಿಗೆ ಮರೆಯದೆ ಕುಂಕುಮ ಹಚ್ಚಿ ಹೂವಿಟ್ಟರು. ತೆರೆಯುವ ಹಾಗೆ ಮಾಡಿಸಲಿಲ್ಲ. ಕೇಳಿದರೆ, "ಈ ಹಳೇ ಗಾಡೀನ ಯಾರ್ ಕದ್ಕೊಂಡೋಗ್ತಾರಮ್ಮಾ?" ಎನ್ನುತ್ತಿದ್ದ.

ಈ ಒಂದು ಮಾತಿಗೇ ನನ್ನ ಜಗಳ. ಲಾಕ್ ಎಂದರೆ ಕಳ್ಳನಿಗೆ ಮಾತ್ರ ಎಂದು ಇವರಿಗೆ ಯಾರು ಹೇಳಿದರು? ಹೊರಗಿನವರು ಒಳಗೆ ಬಾರದ ಹಾಗೆ ತಡೆಯುವುದು ಲಾಕಿನ ಅರ್ಧ ಕೆಲಸ. ಬಾಗಿಲು ದಾರಿಯಲ್ಲಿ ತಾನಾಗಿ ಹಾರಿಕೊಳ್ಳದಂತೆ ಹಿಡಿಯುವುದು, ಬೇಕೆಂದಾಗ ಒಳಗಿನವರನ್ನು ಬಿಡುವುದು ಇನ್ನರ್ಧ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದರಲ್ಲ, ಬಸ್ಸು ಬಾಗಿಲಿದ್ದ ಮಗ್ಗುಲಿಗೇ ಮಗುಚಿತ್ತು. ಅಲ್ಲಿ ಬಾಗಿಲನ್ನು ನೀರು, ಕೆಸರು ಮುಚ್ಚಿದ್ದವು. ನಾವು ಮೊದಲೇ ಮುಚ್ಚಿಕೊಂಡು ಹೊರಡುತ್ತೇವೆ. ನಮ್ಮ ಕಡೆಯೂ ಕಬಿನಿ ನಾಲೆಗಳಿವೆ, ಏರಿಯ ಮೇಲೆ ಇದೇ ಗಾಡಿಗಳು ಓಡುತ್ತವೆ.

ಇನ್ನು ಗ್ಯಾರೇಜುಗಳ ವಿಚಾರ. ಊರ ಹೆಸರು ಬೇಡ, ಒಂದು ಕಡೆ ವಿಚಾರಿಸಿದಾಗ "ಡೋರೇ ಚೇಂಜ್ ಮಾಡ್ಬೇಕು, ಗುಜರೀಲಿ ಹುಡುಕಿಸ್ತೀನಿ" ಎಂದರು. ಇನ್ನೊಬ್ಬರು, "ಯಾವ ಕಾಲದಲ್ಲಿದ್ದೀರಿ ಮೇಡಂ, ಸೆಂಟ್ರಲ್ ಲಾಕ್ ಹಾಕ್ಸಿ, ರಿಮೋಟು ಬರುತ್ತೆ" ಎಂದರು. ಹೊರಗಿನಿಂದ ಹಾಕಿಸುವ ಸೆಂಟ್ರಲ್ ಲಾಕ್ ಎಂದರೇನು? ಬಾಗಿಲಿನೊಳಗೆ ಒಂದು ಪುಟ್ಟ ಮೋಟಾರು ಕೂರಿಸಿ, ನಾವು ಕೈಯಿಂದ ಎತ್ತಿ ಇಳಿಸುವ ರಾಡನ್ನೇ ಅದರಿಂದ ಎಳೆಸುವುದು. ಹಿಡಿಕೆಯ ಕೊಂಡಿ ಕಳಚಿಕೊಂಡ ಬಾಗಿಲಿಗೆ ಅದು ಏನು ಮಾಡೀತು? ತುಕ್ಕು ಹಿಡಿದು ಕಚ್ಚಿಕೊಂಡ ಲಾಕನ್ನು ಎಳೆಯಲಾರದೆ ಮೋಟಾರೂ ಹಾಳಾಗುತ್ತದೆ, ಅಷ್ಟೇ.

ಬಾಗಿಲಿನೊಳಗೆ ಇರುವುದು ಬ್ರಹ್ಮವಿದ್ಯೆಯೇನಲ್ಲ. ಹೋದ ದಸರಾ ರಜೆಯಲ್ಲಿ ನಾನೇ ಹಟ ಹಿಡಿದು ಗಾಡಿಯನ್ನು ನಂಜನಗೂಡಿಗೆ ತರಿಸಿ, ವಯಸ್ಸಾದ ಒಬ್ಬ ಟಿಂಕರಿಂಗ್ ಕೆಲಸದವರ ಮುಂದೆ ನಿಲ್ಲಿಸಿ, ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಗಾಜು ಪೂರ್ತಿ ಮೇಲೇರಿಸಿ, ಗಾಜು ತಿರುಗಿಸುವ ಹ್ಯಾಂಡಲ್ ಬಿಚ್ಚಿ, ಒಳಗಿನ ಪ್ಯಾಡನ್ನು ಮೆಲ್ಲಗೆ ಮೀಟಿ ತೆಗೆದರು. ಒಳಗೆ ಕಾಣಿಸಿದ್ದು ಎರಡು ಮೂರು ಕಬ್ಬಿಣದ ಕಡ್ಡಿಗಳು. ಹಿಡಿಕೆ ಎಳೆದರೆ ಒಂದು ಕಡ್ಡಿ ಲಾಕನ್ನು ಬಿಡಿಸಬೇಕು. ಕಿಟಕಿಯಂಚಿನ ಗುಂಡಿ ಒತ್ತಿದರೆ ಇನ್ನೊಂದು ಅದನ್ನು ತಡೆಯಬೇಕು. ಕಡ್ಡಿಯ ತುದಿಯನ್ನು ಲಾಕಿಗೆ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪು ಬಿಸಿಲಿಗೆ ಒಣಗಿ ಮುರಿದು ಬಿದ್ದಿತ್ತು. ಬೆರಳ ತುದಿಯಷ್ಟು ವಸ್ತು! ಅದಕ್ಕೆ ಇಡೀ ಬಾಗಿಲು ಬದಲಾಯಿಸಬೇಕಂತೆ.

ಬಾಗಿಲಿನ ಅಡಿಯಲ್ಲಿ ಮಳೆನೀರು ಇಳಿದುಹೋಗಲು ತೂತುಗಳಿರುತ್ತವೆ. ನಮ್ಮ ಕೆಮ್ಮಣ್ಣು ತುಂಬಿಕೊಂಡು ಅವು ಮುಚ್ಚಿಹೋಗಿದ್ದವು. ಅವರು ಅದನ್ನು ಕೆದಕಿ ತೆಗೆದು, ಲಾಕನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ಹಚ್ಚಿ, ಹೊಸ ಕ್ಲಿಪ್ಪು ಹಾಕಿದರು. ಆಮೇಲೆ ಮಾಡಿದ್ದು ನನಗೆ ತುಂಬ ಹಿಡಿಸಿತು. ಬಾಗಿಲು ತೆರೆದೇ ಇರುವಾಗ ಸ್ಕ್ರೂಡ್ರೈವರಿನಿಂದ ಲಾಕಿನ ನಾಲಿಗೆಯನ್ನು ಒತ್ತಿದರು. ಟಿಕ್, ಟಿಕ್, ಎರಡು ಸದ್ದು. ಮೊದಲನೆಯದು ಅರ್ಧ ಹಿಡಿತ, ಎರಡನೆಯದು ಪೂರ್ತಿ. ಆಮೇಲೆ ಹಿಡಿಕೆ ಎಳೆದು, ಅದು ಬಿಡುತ್ತದೆಂದು ನೋಡಿಕೊಂಡೇ ಬಾಗಿಲು ಹಾಕಿದರು. ಹಾಗೆ ನೋಡದೆ ಹಾಕಿ, ಅದು ತೆರೆಯದೇ ಹೋದರೆ ಮುಚ್ಚಿದ ಬಾಗಿಲಿನ ಪ್ಯಾಡ್ ಬಿಚ್ಚಲು ಪಡಬಾರದ ಪಾಡು.

ಎಲ್ಲವನ್ನೂ ರಿಪೇರಿ ಮಾಡಿಯೇ ತೀರಬೇಕೆಂದು ನಾನು ಹೇಳುತ್ತಿಲ್ಲ. ಎರಡನೆಯ ಟಿಕ್ ಬಾರದಷ್ಟು ನಾಲಿಗೆ ಸವೆದಿದ್ದರೆ ಮಾತಿಲ್ಲದೆ ಹೊಸ ಲಾಕ್ ಹಾಕಿಸಿ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಇರುತ್ತದೆ, ನೋಡಿ ತನ್ನಿ. ಬೀಗದಕೈ ತಿರುಗುವುದು ಬಿಗಿಯಾದರೆ ಮಾತ್ರ ಕೊಬ್ಬರಿ ಎಣ್ಣೆ ಬಿಡಬೇಡಿ. ಧೂಳು ಸೇರಿ ಅಂಟಾಗುತ್ತದೆ. ಮಕ್ಕಳ ಪೆನ್ಸಿಲಿನ ಸೀಸವನ್ನು ಪುಡಿ ಮಾಡಿ ಬೀಗದಕೈಗೆ ಸವರಿ ಹಾಕಿದರೆ ಸಾಕು.

2022ರಲ್ಲಿ ಕೇಂದ್ರ ಸರ್ಕಾರ 'ರಿಪೇರಿಯ ಹಕ್ಕು' ಎಂದು ಒಂದು ಸಮಿತಿ ಮಾಡಿತು. ಮೊಬೈಲು, ಮನೆಬಳಕೆಯ ಯಂತ್ರಗಳು, ಬೇಸಾಯದ ಉಪಕರಣಗಳ ಜೊತೆಗೆ ವಾಹನಗಳನ್ನೂ ಅದರಲ್ಲಿ ಸೇರಿಸಿದರು. ಸಂತೋಷ. ಆದರೆ ಆ ಹಕ್ಕು ಗಾಡಿ ಯಾರ ಹೆಸರಿನಲ್ಲಿದೆಯೋ ಅವರದೇ ಆಗಿಬಿಡುತ್ತದೆ. ಆರ್‌ಸಿ ಪುಸ್ತಕದಲ್ಲಿ ನಮ್ಮತ್ತಿಗೆಯ ಹೆಸರಿಲ್ಲ. ಅವಳು ಅದರೊಳಗೆ ಕೂರುವವಳು ಮಾತ್ರ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷವರ್ಷವೂ ಎಫ್‌ಸಿ ಮಾಡಿಸಬೇಕು. ಆ ದಿನ ಗಾಡಿ ಒಯ್ಯುವವರೂ ಗಂಡಸರು, ನೋಡುವವರೂ ಹೆಚ್ಚಾಗಿ ಗಂಡಸರೇ. ಎಡಗಡೆ ಕೂತು ಹಿಡಿಕೆ ಎಳೆದು ನೋಡುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ಆದ್ದರಿಂದ ನೀವೇ ಎಳೆದು ನೋಡಿ. ನಂಜನಗೂಡು, ಚಾಮರಾಜನಗರ, ತಿ. ನರಸೀಪುರ, ಎಲ್ಲೇ ಇರಿ, ತೌರಿಗೋ ಜಾತ್ರೆಗೋ ಇಂಥ ಗಾಡಿ ಹತ್ತುವ ಮೊದಲು ಗಾಜು ಇಳಿಯುತ್ತದೆಯೇ, ಹಿಡಿಕೆ ಬಿಡುತ್ತದೆಯೇ ಕೇಳಿ. "ಇಳಿಯುವಾಗ ನಾನು ತೆಗೀತೀನಿ" ಎಂದರೆ ಹತ್ತಬೇಡಿ. ಅಣ್ಣ ಈಗ ನಾಲ್ಕು ಜನರೆದುರು, "ನಮ್ಮ ಗಾಡೀಲಿ ಎರಡೂ ಡೋರೂ ಕಂಡೀಷನ್ನು" ಎನ್ನುತ್ತಾನೆ. ಅತ್ತಿಗೆ ಏನೂ ಹೇಳುವುದಿಲ್ಲ. ಬಂಡಿಪಾಳ್ಯದಲ್ಲಿ ಗಾಡಿ ನಿಲ್ಲುತ್ತಿದ್ದ ಹಾಗೆ, ಅವನು ತನ್ನ ಕಡೆ ಇಳಿಯುವುದರೊಳಗೆ ಇವಳು ಇಳಿದು ತೂಕದ ಹತ್ತಿರ ನಿಂತಿರುತ್ತಾಳೆ.